ಬ್ರೇಕ್ ಪಿನ್‌ಗೆ ಬೇರಿಂಗ್ ಗ್ರೀಸ್ ಹಚ್ಚಬೇಡಿ

ಕಾರಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಿಸುವವರು ದಯವಿಟ್ಟು ಇದನ್ನು ಓದಿ. ನಾನು ಹಚ್ಚಿದ ಸ್ವಲ್ಪ ಗ್ರೀಸ್‌ನಿಂದ ಒಂದು ಡಿಸ್ಕೇ ಹಾಳಾಯಿತು.

ಮುಂದಿನ ಪ್ಯಾಡ್‌ಗಳನ್ನು ಬದಲಿಸಿ ಕೆಲವು ತಿಂಗಳಾಗಿತ್ತು. ಬ್ರೇಕ್ ಒತ್ತಿದರೆ ಕಾರು ಒಂದು ಬದಿಗೆ ಎಳೆಯತೊಡಗಿತು. ಟಯರಿನಲ್ಲಿ ಗಾಳಿ ಕಡಿಮೆ ಇರಬೇಕು ಅಂದುಕೊಂಡು ಬಿಟ್ಟುಬಿಟ್ಟೆ. ಆಮೇಲೊಂದು ದಿನ ದೂರ ಹೋಗಿ ಇಳಿದಾಗ ಎಡಗಡೆ ಚಕ್ರದಿಂದ ಸುಟ್ಟ ವಾಸನೆ. ಕೊನೆಗೆ ಕರಕರ ಸದ್ದು. ಚಕ್ರ ಬಿಚ್ಚಿದರೆ ಹೊರಗಿನ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಒಳಗಿನದು ಪೂರ್ತಿ ಸವೆದು, ಅದರ ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಕೆರೆಯುತ್ತಿದೆ.

ಹೆಚ್ಚಿನ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರ್ (ಪಿಸ್ಟನ್ ಕೂತಿರುವ, ಪ್ಯಾಡ್‌ಗಳನ್ನು ಅಮುಕುವ ಭಾಗ) ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ ಬಿಗಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ, ಬ್ರೇಕ್ ಬಿಟ್ಟರೂ ಪ್ಯಾಡ್ ಸರಿಯಾಗಿ ಬಿಡುವುದಿಲ್ಲ. ನನ್ನ ಕಾರಿನಲ್ಲಿ ಆಗಿದ್ದು ಅದೇ. ಒಂದು ಪಿನ್ನಿನ ತುದಿಯಲ್ಲಿದ್ದ ರಬ್ಬರ್ ಬುಷ್ ಊದಿಕೊಂಡು ತೂತಿನೊಳಗೆ ಕಚ್ಚಿ ಕೂತಿತ್ತು. ಇಕ್ಕಳದಲ್ಲಿ ಹಿಡಿದು ತಿರುಚಿ ತಿರುಚಿ ಹೊರಗೆ ತೆಗೆಯಬೇಕಾಯಿತು.

ಊದಿಕೊಳ್ಳಲು ಕಾರಣ ನಾನು ಹಚ್ಚಿದ್ದ, ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಚಕ್ರದ ಬೇರಿಂಗ್ ಗ್ರೀಸ್. ಒಳ್ಳೆಯ ಗ್ರೀಸೇ, ಕಾವೂ ತಡೆಯುತ್ತದೆ, ಇಲ್ಲಿಗೂ ಆಗುತ್ತದೆ ಅಂದುಕೊಂಡಿದ್ದೆ. ಬ್ರೇಕಿನಲ್ಲಿ ತುಂಬುವ ದ್ರವವನ್ನು ನಾವು ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ, ಅಲ್ವಾ? ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಎರಡೂ ನಿಜವಾಗಿ ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ರಬ್ಬರನ್ನು ಅದಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಇ.ಪಿ.ಡಿ.ಎಂ. ಎಂಬ ಆ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿ ಮೆತ್ತಗಾಗುತ್ತದೆ. ಹಾಗಾಗಿ ಇಂಜಿನ್ ಆಯಿಲ್, ವ್ಯಾಸಲೀನ್, ತುಕ್ಕು ಬಿಡಿಸುವ ಸ್ಪ್ರೇ, ಯಾವುದನ್ನೂ ಪಿನ್ನಿನ ಹತ್ತಿರ ತರಬೇಡಿ.

ಪಿನ್‌ಗೆ ಸಿಲಿಕೋನ್ ಗ್ರೀಸ್ ಬಳಸಿ. ಡಬ್ಬಿಯ ಮೇಲೆ ಕ್ಯಾಲಿಪರ್ ಪಿನ್‌ಗೆ ಆಗುತ್ತದೆ, ರಬ್ಬರಿಗೆ ಹಾನಿ ಇಲ್ಲ ಎಂದು ಬರೆದಿರಬೇಕು. ಹಳೆಯ ಗ್ರೀಸ್ ಪೂರ್ತಿ ಒರೆಸಿ, ತೆಳ್ಳಗೆ ಸವರಿದರೆ ಸಾಕು. ಜಾಸ್ತಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ವಾಪಸ್ ಹೊರಗೆ ತಳ್ಳಿಕೊಂಡು ಬರುತ್ತದೆ. ಬುಷ್ ಇರುವ ಪಿನ್ ಮೇಲಿನದೋ ಕೆಳಗಿನದೋ ಎಂದು ಬಿಚ್ಚುವಾಗಲೇ ಫೋಟೋ ತೆಗೆದಿಡಿ. ತಾಮ್ರದ ಗ್ರೀಸನ್ನೂ ಪಿನ್‌ಗೆ ಹಚ್ಚಬೇಡಿ, ರಬ್ಬರ್ ಇರುವ ಜಾಗಕ್ಕೆ ಅದು ಆಗದು.

ಪ್ಯಾಡ್ ಕೂರಿಸುವಾಗ ನಾನು ಇನ್ನೊಂದು ತಪ್ಪು ಮಾಡಿದ್ದೆ. ಹೊಸ ಪ್ಯಾಡ್ ಬಿಗಿಯಾಯಿತೆಂದು ಸುತ್ತಿಗೆಯಿಂದ ತಟ್ಟಿ ಕೂರಿಸಿದೆ. ಪ್ಯಾಡಿನ ಎರಡೂ ತುದಿಯ ಕಿವಿಗಳು ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಜಾರಬೇಕು. ಜಾರದಿದ್ದರೆ ಸ್ಟೀಲ್ ಕ್ಲಿಪ್ ತೆಗೆದು ಅದರ ಅಡಿ ನೋಡಿ. ಅಲ್ಲಿ ತುಕ್ಕು ಪದರ ಕಟ್ಟಿ ಕ್ಲಿಪ್ಪನ್ನು ಮೇಲೆತ್ತಿರುತ್ತದೆ. ವೈರ್ ಬ್ರಶ್ಶಿನಲ್ಲಿ ಉಜ್ಜಿ ಹೊಸ ಕ್ಲಿಪ್ ಹಾಕಿ. ಕಿವಿಗಳಿಗೆ ಮತ್ತು ಪಿಸ್ಟನ್ ತಾಗುವ ಹಿಂಬದಿಗೆ ಹೆಚ್ಚು ಕಾವು ತಡೆಯುವ ಬ್ರೇಕ್ ಗ್ರೀಸ್ ಒಂದಿಷ್ಟು ಸಾಕು. ಕೆಲವು ಕಾರುಗಳಲ್ಲಿ ಕ್ಲಿಪ್‌ಗೆ ಏನೂ ಹಚ್ಚಬಾರದು ಎಂದಿರುತ್ತದೆ, ಕೈಪಿಡಿ ನೋಡಿಕೊಳ್ಳಿ. ಪ್ಯಾಡ್ ಉಜ್ಜುವ ಮುಖಕ್ಕೆ ಗ್ರೀಸ್ ತಾಗಿ ಒಳಗೆ ಇಳಿದರೆ ಆ ಜೋಡಿಯನ್ನೇ ಬಿಸಾಡಿ, ಒರೆಸಿ ಬಳಸಬೇಡಿ.

ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಹೊಸ ಪ್ಯಾಡ್ ಕೂರಿಸಲು ಹಿಂದಕ್ಕೆ ತಳ್ಳಿದ ಪಿಸ್ಟನ್ ಮುಂದೆ ಬರುವವರೆಗೆ ಬ್ರೇಕ್ ಹಿಡಿಯುವುದೇ ಇಲ್ಲ.

ಈಗಾಗಲೇ ಬೇರಿಂಗ್ ಗ್ರೀಸ್ ಹಚ್ಚಿದ್ದರೆ ಸದ್ದು ಬರಲಿ ಎಂದು ಕಾಯಬೇಡಿ. ಚಕ್ರ ಬಿಚ್ಚಿ ಪಿನ್ ಹೊರಗೆಳೆದು ನೋಡಿ. ಊದಿದ ರಬ್ಬರ್ ಒರೆಸಿದರೆ ಸರಿಹೋಗುವುದಿಲ್ಲ, ಬುಷ್ ಮತ್ತು ಬೂಟ್ (ಪಿನ್ನಿಗೆ ಧೂಳು ಬಾರದಂತೆ ಮುಚ್ಚುವ ರಬ್ಬರ್) ಎರಡನ್ನೂ ಬದಲಿಸಿ. ನನ್ನ ಕಾರಿನ ಬಲಗಡೆ ಯಾವ ಸದ್ದೂ ಇರಲಿಲ್ಲ, ಎಳೆತವೂ ಇರಲಿಲ್ಲ. ಆದರೂ ಬಿಚ್ಚಿ ನೋಡಿದೆ. ಅಲ್ಲಿನ ಬುಷ್ಷೂ ಊದಿತ್ತು.