ಇಂಜೆಕ್ಷನ್‌ಗೆ ಮುಂಚೆ ರಕ್ತ ತಗೊಂಡ್ರು, ಅದಕ್ಕೇ 4 ಸ್ಟಾರ್

ಕುಣಿಗಲ್ ಹತ್ರ ನಮ್ದು ಸಣ್ಣ ಲಾಯ, ಐದು ಹೆಣ್ಣುಕುದುರೆ ಇದಾವೆ ಅಷ್ಟೇ. ಲಾಯಕ್ಕೇ ಬಂದು ಕುದುರೆಗೆ ಟೆಸ್ಟ್ ಮಾಡೋ ಇವರನ್ನ ಈ ಮಾರ್ಚಲ್ಲಿ ಮೊದಲ ಸಲ ಕರೆಸಿದ್ದು, ಆಮೇಲೆ ಇನ್ನೊಂದು ಸಲನೂ ಕರೆಸಿದ್ವಿ, ಸ್ವಲ್ಪ ಉದ್ದಾನೇ ಬರೀತೀನಿ, ಕುದುರೆ ಮರಿ ಸಾಕೋರಿಗೆ ಉಪಯೋಗ ಆಗ್ಲಿ.

ಮರಿ ಹುಟ್ಟಿ ಒಂದೂವರೆ ದಿನ ಆಗಿತ್ತು. ಬೆಳಿಗ್ಗೆ ಸೈಸ್ (ಕುದುರೆ ನೋಡ್ಕೊಳ್ಳೋ ಹುಡುಗ) ಬಂದು "ಅಣ್ಣ, ಜ್ವರ ಏನಿಲ್ಲ, ಸುಮ್ನೆ ಮಲಗ್ತಾನೇ ಇದೆ" ಅಂದ. ಥರ್ಮಾಮೀಟರ್ ಇಟ್ರೆ 101, ಮರಿಗೆ ಅದು ನಾರ್ಮಲ್ಲೇ. ಆದ್ರೆ ನಾನು ಹೋಗಿ ನೋಡ್ದಾಗ ಮರಿ ಹಣೆ ಮೇಲೆಲ್ಲಾ ಹಾಲು ಒಣಗಿ ಕೂದಲು ಅಂಟಂಟಾಗಿತ್ತು, ತಾಯಿ ಕೆಚ್ಚಲು ಕಲ್ಲಿನ ಥರ ಬಿಗಿದು ತೊಟ್ಟಿಕ್ತಾ ಇತ್ತು. ಅಂದ್ರೆ ಮರಿ ಕೆಚ್ಚಲ ಕೆಳಗೆ ಹೋಗಿ ನಿಲ್ತಿದೆ, ಕುಡೀತಿಲ್ಲ, ಹಾಲು ತಲೆ ಮೇಲೆ ಸುರೀತಿದೆ. ನೋಡಿದ ತಕ್ಷಣ ಎದೆ ಧಸಕ್ ಅಂತು, ಯಾಕಂದ್ರೆ ಹೋದ ವರ್ಷ ಹಿಂಗೇ ಇದ್ದ ಮರೀನ ಕಳ್ಕೊಂಡಿದ್ವಿ. ಆಗ ಬಂದವರು (ಹೆಸರು ಬೇಡ) ಬಂದ ಕೂಡ್ಲೇ ಆಂಟಿಬಯಾಟಿಕ್ ಚುಚ್ಚಿ, ಮಾರನೇ ದಿನ ಕಲ್ಚರ್‌ಗೆ (ರಕ್ತದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್) ರಕ್ತ ತೆಗೆದ್ರು, ಔಷಧಿ ಆಗ್ಲೇ ಒಳಗೆ ಹೋಗಿದ್ರೆ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ, ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂತು, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗ್ಲೇ ಇಲ್ಲ, ಐದನೇ ದಿನಕ್ಕೆ ಹಿಂಗಾಲಿನ ಕೀಲು ಊದ್ಕೊಂಡು ಮರಿ ಹೋಯ್ತು.

ಈ ಸಲ ಬಂದ ಡಾಕ್ಟ್ರು ಮೊದಲು ತುಟಿ ಎತ್ತಿ ಒಸಡು ನೋಡಿದ್ರು, ಕಿವಿ ಒಳಗೆ ಟಾರ್ಚ್ ಬಿಟ್ರು. ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಕಿವಿ ಒಳಗೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು, ಇನ್ಫೆಕ್ಷನ್ ರಕ್ತಕ್ಕೆ ಸೇರಿರ್ಬಹುದು ಅನ್ನೋ ಗುರುತು ಇವು. ಆಮೇಲೆ ಕುತ್ತಿಗೆ ಮೇಲೆ ಅಂಗೈಯಷ್ಟು ಜಾಗದ ಕೂದಲು ಬೋಳಿಸಿ, ಔಷಧಿ ಹಾಕಿ ಉಜ್ಜಿ, ಒರೆಸಿ, ಮತ್ತೆ ಉಜ್ಜಿ, ಹೊಸ ಗ್ಲೌಸ್ ಹಾಕ್ಕೊಂಡು ರಕ್ತ ತೆಗೆದ್ರು, ಕಲ್ಚರ್ ಬಾಟಲಿ ರಬ್ಬರ್‌ಗೂ ಸ್ಪಿರಿಟ್ ಒರೆಸಿ ಒಣಗೋವರೆಗೂ ಕಾದ್ರು. "ಸಾರ್ ಮೊದ್ಲು ಇಂಜೆಕ್ಷನ್ ಕೊಡಿ" ಅಂತ ನಾನು ಅವಸರ ಮಾಡ್ದೆ. "ಇದು ಮುಗಿದ ತಕ್ಷಣ ಕೊಡ್ತೀನಿ, ರಿಪೋರ್ಟ್‌ಗೆ ಕಾಯಲ್ಲ, ಐದು ನಿಮಿಷ ತಡೀರಿ" ಅಂದ್ರು, ಹಾಗೇ ಕೊಟ್ರು. ಈ ಐದು ನಿಮಿಷ ಹೋದ ವರ್ಷ ಯಾರೂ ತಗೊಳ್ಳಲಿಲ್ಲ.

ಲಾಯದಲ್ಲೇ ಮಾಡಿದ ಟೆಸ್ಟ್‌ಗಳು ಬೇಗ ಆದವು. ಗ್ಲೂಕೋಸ್ 46, ಅಂದ್ರೆ ಕಮ್ಮಿ, ಲ್ಯಾಕ್ಟೇಟ್ (ಮೈಗೆ ರಕ್ತ ಸರಿಯಾಗಿ ಹೋಗದಿದ್ರೆ ಏರೋ ಆಮ್ಲ) 7, ಅಂದ್ರೆ ಜಾಸ್ತಿ, ಎಸ್‌ಎಎ (ಉರಿಯೂತ ಆದಾಗ ರಕ್ತದಲ್ಲಿ ಏರೋ ಒಂದು ಪ್ರೋಟೀನ್) 640. ಈ ಎಸ್‌ಎಎ ಅನ್ನೋದು ಆರೋಗ್ಯವಾಗಿರೋ ಕುದುರೆಯಲ್ಲಿ 20ರ ಒಳಗೇ ಇರುತ್ತಂತೆ, ಇನ್ಫೆಕ್ಷನ್ ಆದ ಕೆಲವೇ ಗಂಟೆಯಲ್ಲಿ ಏರುತ್ತೆ, ವಾಸಿ ಆಗ್ತಿದ್ದಂಗೆ ಬೇಗ ಇಳಿಯುತ್ತೆ. ಆದ್ರೆ ಗಾಯ ಆದ್ರೂ ಆಪರೇಷನ್ ಆದ್ರೂ ಏರುತ್ತೆ, ಯಾವ ಬ್ಯಾಕ್ಟೀರಿಯಾ ಅಂತ ಇದು ಹೇಳಲ್ಲ ಅಂತ ಅವರೇ ಬಿಡಿಸಿ ಹೇಳಿದ್ರು, ಬರೀ ಕಿಟ್ ತಗೊಂಡು ಮನೇಲೇ ನೋಡ್ಕೋಬಹುದು ಅನ್ಕೊಂಡಿದ್ದ ನನಗೆ ಇದು ತಿಳಿದಿದ್ದು ಒಳ್ಳೇದಾಯ್ತು. ಐಜಿಜಿ, ಅಂದ್ರೆ ರಕ್ತದಲ್ಲಿರೋ ರೋಗನಿರೋಧಕ ಪ್ರೋಟೀನ್, 400ಕ್ಕಿಂತ ಕಮ್ಮಿ ಬಂತು, 800ರ ಮೇಲೆ ಇರ್ಬೇಕಿತ್ತು. ಕುದುರೆ ಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಂದ ರೋಗನಿರೋಧಕ ಶಕ್ತಿ ಬರೋದೇ ಇಲ್ಲ ಅನ್ನಬಹುದು, ಎಲ್ಲಾ ಗಿಣ್ಣುಹಾಲಿಂದಲೇ, ಅದೂ ಮೊದಲ ಒಂದು ದಿನದೊಳಗೆ. ನಮ್ಮ ಮರಿಗೆ ಆ ಟೈಮ್ ದಾಟಿತ್ತು, ಹಾಗಾಗಿ ಆ ಶಕ್ತಿ ಇರೋ ಪ್ಲಾಸ್ಮಾನ (ರಕ್ತಕಣ ತೆಗೆದು ಉಳಿದ ದ್ರವ) ನರಕ್ಕೆ ಹಾಕಿದ್ರು. ಹೊಕ್ಕುಳಿಗೆ ಸ್ಕ್ಯಾನ್ ಮಾಡಿದ್ರು, ಒಳಗಿನ ನಾಳ ದಪ್ಪ ಆಗಿತ್ತು, ಅಲ್ಲಿಂದಲೇ ಬ್ಯಾಕ್ಟೀರಿಯಾ ನುಗ್ಗಿರ್ಬಹುದು ಅಂದ್ರು.

ಸ್ಯಾಂಪಲ್ ನಾನೇ ಕಾರಲ್ಲಿ ಬೆಂಗಳೂರಿಗೆ ತಗೊಂಡು ಹೋದೆ. ಎಲ್ಲಾ ಐಸ್ ಡಬ್ಬಕ್ಕೆ ಹಾಕೋಕೆ ಹೋಗಿದ್ದೆ, ಕಲ್ಚರ್ ಬಾಟಲಿ ತಣ್ಣಗೆ ಮಾಡ್ಬಾರ್ದು, ಹೊರಗೇ ಇಡಿ ಅಂತ ತಡೆದ್ರು. ಅವತ್ತೇ ಸಂಜೆ ಬಿಳಿರಕ್ತಕಣ 2,800 ಅಂತ ಬಂತು, ನಾನು ಇನ್ಫೆಕ್ಷನ್ ಅಂದ್ರೆ ಜಾಸ್ತಿ ಆಗುತ್ತೆ ಅನ್ಕೊಂಡಿದ್ದೆ, ತೀರಾ ಜೋರಾಗಿದ್ರೆ ಕಣ ಎಲ್ಲಾ ಖರ್ಚಾಗಿ ಕಮ್ಮಿ ಆಗುತ್ತಂತೆ. ಮೂರನೇ ದಿನ ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಇ ಕೋಲೈ ಅಂತ ಹೆಸರು ಸಿಕ್ತು, ನಾಲ್ಕನೇ ದಿನ ಯಾವ ಔಷಧಿಗೆ ಬಗ್ಗುತ್ತೆ ಅನ್ನೋ ಪಟ್ಟಿ. ಜೆಂಟಾಮೈಸಿನ್‌ಗೆ ಬಗ್ಗಲ್ಲ, ಅಮಿಕಾಸಿನ್‌ಗೆ ಬಗ್ಗುತ್ತೆ. ಮೊದಲ ದಿನದಿಂದ ಕೊಡ್ತಿದ್ದಿದ್ದು ಅಮಿಕಾಸಿನ್ನೇ, ಆ ರಾತ್ರಿ ನಾನೂ ಸೈಸೂ ಇಬ್ರೂ ನಿದ್ದೆ ಮಾಡಿದ್ವಿ. ಅಮಿಕಾಸಿನ್ ಕಿಡ್ನಿಗೆ ಏಟು ಕೊಡಬಹುದು ಅಂತ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯೋ ರಕ್ತ ಪರೀಕ್ಷೆ) ಬೇರೆ ನೋಡ್ತಾ ಇದ್ರು. ಒಂಬತ್ತನೇ ದಿನಕ್ಕೆ ಎಸ್‌ಎಎ 30ಕ್ಕೆ ಇಳೀತು, ಹಣೆ ಮೇಲೆ ಹಾಲು ಇರ್ಲಿಲ್ಲ.

ಎರಡನೇ ಸಲ ಕರೆಸಿದ್ದು ದವಡೆ ಕೆಳಗೆ ಗಂಟು ಬಂದಿದ್ದ ಎರಡು ವರ್ಷದ ಕುದುರೆಗೆ. ಸ್ಟ್ರಾಂಗಲ್ಸ್ (ಕುದುರೆಗಳಲ್ಲಿ ಹರಡೋ, ಗಂಟಲ ಹತ್ರ ಗಂಟು ಕಟ್ಟಿಸೋ ಬ್ಯಾಕ್ಟೀರಿಯಾ ರೋಗ) ಅಂತ ಪಿಸಿಆರ್ ಟೆಸ್ಟ್‌ನಲ್ಲಿ ಬಂತು, ವಾಸಿ ಆದ್ಮೇಲೂ ಗಂಟಲ ಹಿಂದಿನ ಚೀಲದಲ್ಲಿ ಬ್ಯಾಕ್ಟೀರಿಯಾ ಉಳ್ಕೊಂಡು ಬೇರೆ ಕುದುರೆಗೆ ಹರಡಬಹುದು ಅಂತ ಸ್ಕೋಪ್ (ಕ್ಯಾಮೆರಾ ಇರೋ ಟ್ಯೂಬ್) ಹಾಕಿ ತೊಳೆದು ಇನ್ನೊಂದು ಸಲ ಟೆಸ್ಟ್ ಮಾಡಿದ್ರು. ಮೂಗು ಸುರೀತಿದ್ರಿಂದ ಗ್ಲಾಂಡರ್ಸ್ ಅನ್ನೋ ಇನ್ನೊಂದು ಕುದುರೆ ರೋಗಕ್ಕೂ ನೋಡಿಬಿಡಿ ಅಂದೆ, ಅದು ಮನುಷ್ಯರಿಗೂ ಬರೋ ರೋಗ, ಸರ್ಕಾರಿ ಪಶುವೈದ್ಯರ ಮೂಲಕವೇ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಕಳಿಸ್ಬೇಕು ಅಂತ ದಾರಿ ತೋರಿಸಿದ್ರು. ಇದು ನಂಗೆ ಇಷ್ಟ ಆಯ್ತು.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ಖರ್ಚು ಎಷ್ಟಾಗುತ್ತೆ ಅಂತ ಮುಂಚೆ ಹೇಳ್ಲಿಲ್ಲ, ಪ್ಲಾಸ್ಮಾ ಸೇರಿ ದೊಡ್ಡ ಬಿಲ್ಲೇ ಬಂತು. ಹಾಗೇ ಭಾನುವಾರ ಮರಿಗೆ ಭೇದಿ ಶುರುವಾದಾಗ ಮಧ್ಯಾಹ್ನದವರೆಗೂ ಯಾರೂ ಫೋನ್ ಎತ್ಲಿಲ್ಲ, ಮರಿ ವಿಷಯದಲ್ಲಿ ಅರ್ಧ ದಿನ ಅಂದ್ರೆ ಸಣ್ಣ ಮಾತಲ್ಲ. ದಯವಿಟ್ಟು ಭಾನುವಾರಕ್ಕೆ ಅಂತ ಒಂದು ನಂಬರ್ ಇಡಿ ಸಾರ್, ಜನವರಿಯಲ್ಲಿ ನಮ್ಮಲ್ಲಿ ಇನ್ನೆರಡು ಈಯಬೇಕು.