ಹಳೇ ಮಸ್ಟಾಂಗ್‌ಗೆ 'ಬೋಲ್ಟ್ ಆನ್' ಪವರ್ ರ‍್ಯಾಕ್ ಕಿಟ್: ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಅಮೆರಿಕದಲ್ಲಿ 1965ರಿಂದ 70ರ ಒಳಗಿನ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡಿರೋ ಕನ್ನಡದವರು ಯಾರಾದ್ರೂ ಇದ್ರೆ, "ವೆಲ್ಡಿಂಗ್ ಬೇಡ, ಒಂದೇ ವೀಕೆಂಡ್ ಕೆಲಸ" ಅನ್ನೋ ಪವರ್ ಸ್ಟೀರಿಂಗ್ ರ‍್ಯಾಕ್ ಕಿಟ್‌ಗೆ ಕಾರ್ಡ್ ಉಜ್ಜೋ ಮುಂಚೆ ಸ್ವಲ್ಪ ನಿಲ್ಲಿ. ರ‍್ಯಾಕ್ ಅಂದ್ರೆ ಹಳೇ ಸ್ಟೀರಿಂಗ್ ಬಾಕ್ಸ್ ಬದಲಿಗೆ ಬರೋ, ಎಡಬಲಕ್ಕೆ ಜಾರಿ ಚಕ್ರ ತಿರುಗಿಸೋ ಹಲ್ಲಿನ ಸರಳು. ನಾನು ತಗೊಂಡ ಅಂಗಡಿ ಹೆಸರು ಹಾಕಲ್ಲ, ಆ ದುಡ್ಡಿಗಾಗಿ ಬ್ಯಾಂಕಿನಲ್ಲಿ ಜಗಳ ಇನ್ನೂ ನಡೀತಿದೆ. ಆದ್ರೆ ಅವರು ಕೊಟ್ಟ ಉತ್ತರಗಳನ್ನ ಹಾಕೇ ಹಾಕ್ತೀನಿ.

ನನ್ನ ಗಾಡಿ 1967ರದ್ದು. 289 ವಿ8 ಎಂಜಿನ್, ಟ್ರೈ-ವೈ ಹೆಡರ್ (ಸ್ಟಾಕ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲಿಗೆ ಹಾಕೋ ಹೊಗೆ ಪೈಪು), ಮ್ಯಾನುಯಲ್ ಗೇರ್, ಚಕ್ರವನ್ನ ಗಾಡಿಗೆ ಹಿಡಿದಿಡೋ ಮೇಲಿನ ಕಂಟ್ರೋಲ್ ಆರ್ಮ್ 1 ಇಂಚು ಕೆಳಗಿಳಿಸಿದ್ದು (ಶೆಲ್ಬಿ ಡ್ರಾಪ್ ಅಂತಾರಲ್ಲ, ಅದೇ). ಫ್ಯಾಕ್ಟರಿ ಪವರ್ ಸ್ಟೀರಿಂಗ್ ಹಣೆಬರಹ ಗೊತ್ತೇ ಇದೆ: ಸೆಂಟರ್ ಲಿಂಕ್‌ಗೆ (ಎರಡೂ ಕಡೆ ಚಕ್ರ ತಿರುಗಿಸೋ ನಡುವಿನ ಸರಳು) ಒಂದು ಕಂಟ್ರೋಲ್ ವಾಲ್ವ್, ಒಂದು ರಾಮ್ ಸಿಲಿಂಡರ್, ನಾಲ್ಕು ಹೋಸ್, ಎಲ್ಲಾ ಕಡೆ ಸೋರಿಕೆ. ಈ ವಿವರ ಒಂದನ್ನೂ ಬಿಡದೆ ಬರೆದು ಕೇಳಿದ್ದಕ್ಕೆ ಬಂದ ಉತ್ತರ: "ಪರ್ಫೆಕ್ಟ್ ಫಿಟ್. ವಾರವಾರ ಮಾರ್ತೀವಿ." ಹೆಡರ್ ಕಥೆ ಏನು? "ನೋ ಪ್ರಾಬ್ಲಮ್." ಬರವಣಿಗೆಯಲ್ಲೇ ಇದೆ ಇದು, ನೆನಪಿಟ್ಟುಕೊಳ್ಳಿ.

ಡಬ್ಬ ಬಿಚ್ಚಿದ ಮೇಲೆ ಇನ್ಸ್ಟ್ರಕ್ಷನ್ ಹಾಳೆಯ ಕೊನೇ ಪುಟದಲ್ಲಿ, ಸಣ್ಣಕ್ಷರದಲ್ಲಿ, ಮೂರು ಸಾಲು. ಸ್ಟಾಕ್ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಮಾತ್ರ ಹೊಂದುತ್ತೆ. ಕ್ಲಚ್‌ನ ಝೆಡ್-ಬಾರ್ (ಪೆಡಲ್ ಒತ್ತಿದ್ದನ್ನ ಕ್ಲಚ್‌ಗೆ ಮುಟ್ಟಿಸೋ ಸರಳು) ಇದ್ರೆ ಹೈಡ್ರಾಲಿಕ್ ಕ್ಲಚ್‌ಗೆ ಬದಲಾಯಿಸಬೇಕು. ಟರ್ನಿಂಗ್ ಸರ್ಕಲ್ 'ಸ್ವಲ್ಪ' ಹೆಚ್ಚಾಗಬಹುದು. ವೆಬ್‌ಸೈಟಲ್ಲಿ ಇದರ ಒಂದಕ್ಷರ ಇಲ್ಲ. ಒಂದಕ್ಷರ! ಹೈಡ್ರಾಲಿಕ್ ಕ್ಲಚ್ ಅಂದ್ರೆ ಮಾಸ್ಟರ್ ಸಿಲಿಂಡರ್, ಸ್ಲೇವ್, ಫೈರ್‌ವಾಲ್‌ಗೆ ತೂತು, ಬೇರೆಯದೇ ಖರ್ಚು.

ಆ 'ಸ್ವಲ್ಪ' ಎಷ್ಟು ಅಂತ ಲೆಕ್ಕ ಹಾಕೋದು ಸುಲಭ. ರ‍್ಯಾಕ್‌ನ ಒಟ್ಟು ಚಲನೆ 5 ಇಂಚು, ಅಂದ್ರೆ ಮಧ್ಯದಿಂದ ಒಂದೊಂದು ಬದಿಗೆ 2.5. ಸ್ಟೀರಿಂಗ್ ಆರ್ಮ್ 6 ಇಂಚು ಇದ್ರೆ ಚಕ್ರ ತಿರುಗೋದು ಹೆಚ್ಚುಕಮ್ಮಿ 25 ಡಿಗ್ರಿ ಅಷ್ಟೇ. ಒಳಗಿನ ಚಕ್ರ ಮೊದಲು 30ರ ಮೇಲೆ ತಿರುಗ್ತಿತ್ತು. ಪಾರ್ಕಿಂಗ್‌ನಲ್ಲಿ ಒಂದೇ ಸಲಕ್ಕೆ ತಿರುಗಿಸ್ತಿದ್ದ ಜಾಗದಲ್ಲಿ ಕಿಟ್ ಹಾಕಿದ ಮೇಲೆ ಹಿಂದೆಮುಂದೆ ಆಡಿಸಬೇಕು.

ಅದನ್ನೂ ಸಹಿಸಬಹುದು. ಸಹಿಸೋಕಾಗದ್ದು ಬಂಪ್ ಸ್ಟೀರ್, ಅಂದ್ರೆ ಚಕ್ರ ಮೇಲೆ ಕೆಳಗೆ ಹೋದಾಗ ಸ್ಟೀರಿಂಗ್ ಅಲ್ಲಾಡಿಸದಿದ್ರೂ ತಾನಾಗೇ ತಿರುಗೋದು. ಟೋಪಿ ಬಿದ್ದಿದ್ದು ಪೂರ್ತಿ ಅರ್ಥ ಆಗಿದ್ದು ಇಲ್ಲೇ.

ಈ ಕಿಟ್‌ನದ್ದು ಸೆಂಟರ್ ಟೇಕ್-ಆಫ್ ರ‍್ಯಾಕ್. ಚಕ್ರಕ್ಕೆ ತಿರುವು ಮುಟ್ಟಿಸೋ ಎರಡೂ ಟೈ ರಾಡ್‌ಗಳು ರ‍್ಯಾಕ್‌ನ ತುದಿಯಿಂದ ಹೊರಡಲ್ಲ, ನಟ್ಟನಡುವಿನಿಂದ ಹೊರಡ್ತವೆ. ಹಾಗಾಗಿ ಟೈ ರಾಡ್ ವಿಪರೀತ ಉದ್ದ. ಟೈ ರಾಡ್‌ನ ಒಳತುದಿ ಇರಬೇಕಾದ್ದು ಮೇಲಿನ ಆರ್ಮ್, ಕೆಳಗಿನ ಆರ್ಮ್ ಎರಡರ ಒಳ ಪಿವಟ್ ಸೇರಿಸೋ ಗೆರೆಯ ಹತ್ತಿರ. ಚಕ್ರ ಮೇಲೆ ಕೆಳಗೆ ಹೋಗುವಾಗ ಕಂಟ್ರೋಲ್ ಆರ್ಮ್ ಬರೆಯೋ ಕಮಾನು ಒಂದು, ಉದ್ದದ ಟೈ ರಾಡ್ ಬರೆಯೋ ಕಮಾನು ಇನ್ನೊಂದು. ವ್ಯತ್ಯಾಸ ಚಕ್ರವನ್ನ ತಾನಾಗೇ ತಿರುಗಿಸುತ್ತೆ. ಮಸ್ಟಾಂಗ್‌ನಲ್ಲಿ ಲಿಂಕೇಜ್ ಆಕ್ಸಲ್‌ನ ಹಿಂದೆ ಇರೋದ್ರಿಂದ ಅದು ಟೋ-ಇನ್ ಆಗುತ್ತೆ, ಅಂದ್ರೆ ಚಕ್ರದ ಮುಂಭಾಗ ಒಳಕ್ಕೆ ತಿರುಗುತ್ತೆ (ಹೊರಕ್ಕೆ ತಿರುಗಿದ್ರೆ ಟೋ-ಔಟ್).

ಸ್ಪ್ರಿಂಗ್, ಶಾಕ್ ಎರಡೂ ತೆಗೆದು, ಜಾಕ್ ಮೇಲೆ ಕೆಳ ಆರ್ಮ್ ಎತ್ತಿಳಿಸಿ ಅಳೆದ್ರೆ: 1 ಇಂಚು ಮೇಲೆ, ಟೋ-ಇನ್ 1/16 ಇಂಚು. 2 ಇಂಚು ಮೇಲೆ, 1/4. ಕೆಳಗೆ 2 ಇಂಚು, ಮತ್ತೆ 1/4, ಮತ್ತೆ ಟೋ-ಇನ್ನೇ. ಒಂದು ಚಕ್ರಕ್ಕೆ ಇಷ್ಟು! ಹೈವೇ ತಿರುವಿನಲ್ಲಿ ಒಂದು ಚಕ್ರ ಹಳ್ಳಕ್ಕೆ ಬಿದ್ರೆ ಸ್ಟೀರಿಂಗ್ ಹಿಡಿದವನನ್ನ ಕೇಳದೆ ಗಾಡಿ ಪಕ್ಕದ ಲೇನ್‌ಗೆ ಹಾರುತ್ತೆ.

ಈ ಅಳತೆ ಫೋಟೋ ಸಮೇತ ಕಳಿಸಿದ್ದಕ್ಕೆ ಉತ್ತರಗಳು, ಬಂದ ಕ್ರಮದಲ್ಲೇ:

"ಅಲೈನ್‌ಮೆಂಟ್ ಮಾಡಿಸಿ, ಸರಿಹೋಗುತ್ತೆ." ಅಲೈನ್‌ಮೆಂಟ್ ಮಾಡೋದು ಗಾಡಿ ನಿಂತಿದ್ದಾಗ. ಬಂಪ್ ಸ್ಟೀರ್ ಬರೋದು ಓಡುವಾಗ.

"ನಾವು 1 ಇಂಚಿಗೆ ಮಾತ್ರ ಟೆಸ್ಟ್ ಮಾಡೋದು, ಅದರಲ್ಲಿ ನಿಮ್ಮದು ಪಾಸ್." 1 ಇಂಚಿಗೆ ಯಾವ ಕಿಟ್ ಬೇಕಾದ್ರೂ ಪಾಸ್ ಆಗುತ್ತೆ ಸ್ವಾಮಿ! ಚಲನೆ ಎರಡು ಪಟ್ಟಾದ್ರೆ ತಪ್ಪು ನಾಲ್ಕು ಪಟ್ಟಾಗುತ್ತೆ.

"ಬಂಪ್ ಸ್ಟೀರ್ ಸ್ಪೇಸರ್ ಕಿಟ್ ಇದೆ, ಕಳಿಸ್ತೀವಿ." ಪುಕ್ಕಟೆ ಅಲ್ಲ, ಮತ್ತೆ ದುಡ್ಡು. ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ. ಸ್ಪೇಸರ್ ಟೈ ರಾಡ್‌ನ ಎತ್ತರ ಬದಲಿಸುತ್ತೆ, ಉದ್ದ ಬದಲಿಸಲ್ಲ. ಎತ್ತರ ತಪ್ಪಿದ್ರೆ ಮೇಲೆ ಹೋದಾಗ ಟೋ-ಇನ್, ಕೆಳಗೆ ಹೋದಾಗ ಟೋ-ಔಟ್, ಅಥವಾ ಉಲ್ಟಾ ಬರುತ್ತೆ. ಎರಡೂ ಕಡೆ ಒಂದೇ ದಿಕ್ಕಿಗೆ ಬಂದ್ರೆ ತಪ್ಪು ಉದ್ದದಲ್ಲಿದೆ, ಎಷ್ಟು ಸ್ಪೇಸರ್ ತುರುಕಿದ್ರೂ ಹೋಗಲ್ಲ. ಇದು ಸ್ಟೀರಿಂಗ್ ಮಾರೋರಿಗೆ ಗೊತ್ತಿಲ್ವಾ? ಗೊತ್ತಿದೆ. ಗೊತ್ತಿದ್ದೇ ಹೇಳಿದ್ದು.

ಕೊನೆಗೆ: "ಐವತ್ತು ವರ್ಷದ ಗಾಡಿ, ಇನ್ನೇನು ನಿರೀಕ್ಷೆ ಮಾಡ್ತೀರಿ? ಫಿಟ್ ಮಾಡಿದ ಮಾಲು ವಾಪಸ್ ತಗೊಳ್ಳಲ್ಲ." ಫಿಟ್ ಮಾಡದೆ ಅಳೆಯೋದು ಹೇಗೆ ಅಂತ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಪಂಪ್ ವಿಷಯ ಬೇರೆ. ರ‍್ಯಾಕ್‌ಗೆ ಸಾಕಾಗೋದು ನಿಮಿಷಕ್ಕೆ 2 ಗ್ಯಾಲನ್ ಹರಿವು, 1,000 ಪಿಎಸ್‌ಐ ಆಸುಪಾಸಿನ ಒತ್ತಡ. ಕಿಟ್ ಜೊತೆ ಬಂದದ್ದು ಸ್ಟೀರಿಂಗ್ ಬಾಕ್ಸ್‌ಗೆ ಅಂತ ಇರೋ ಸ್ಯಾಗಿನಾ ಮಾದರಿ ಪಂಪ್, ಎರಡೂ ಜಾಸ್ತಿ. ಹರಿವು ಜಾಸ್ತಿಯಾದ್ರೆ ನೇರ ಓಡುವಾಗ ಸ್ಟೀರಿಂಗ್ ಬೆರಳು ತಾಗಿದ್ರೆ ಸಾಕು, ಅಲ್ಲಾಡುತ್ತೆ. ಒತ್ತಡ ಜಾಸ್ತಿಯಾದ್ರೆ ರ‍್ಯಾಕ್ ಸೀಲ್ ಹೋಗುತ್ತೆ. ಹರಿವಿಗೆ ಬೇರೆ ಫಿಟ್ಟಿಂಗ್, ಒತ್ತಡಕ್ಕೆ ರಿಲೀಫ್ ವಾಲ್ವ್‌ನಲ್ಲಿ ಶಿಮ್ (ತೆಳು ಬಿಲ್ಲೆ) ಹಾಕಬೇಕು. ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ಓರೆಯಾಗಿರೋದು) ಹಳೇ ಲೆಕ್ಕದಲ್ಲೇ ಬಿಟ್ರೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ವಾಪಸ್ ಬರಲ್ಲ. ಪವರ್‌ಗೆ ಪಾಸಿಟಿವ್ 3 ಡಿಗ್ರಿಯಾದ್ರೂ ಬೇಕು, 67 ಮತ್ತು ಅದರ ನಂತರದ ಗಾಡಿಗಳಲ್ಲಿ ಸ್ಟ್ರಟ್ ರಾಡ್‌ನಲ್ಲಿ ಅಡ್ಜಸ್ಟ್ ಮಾಡಬಹುದು.

ಇಷ್ಟಾದ ಮೇಲೂ ರ‍್ಯಾಕೇ ಬೇಕು ಅಂದ್ರೆ ಮೊದಲು ಬರವಣಿಗೆಯಲ್ಲಿ ಕೇಳಿ: ರ‍್ಯಾಕ್‌ನ ಒಟ್ಟು ಚಲನೆ, ಟೈ ರಾಡ್ ಒಳ ಪಿವಟ್‌ಗಳ ನಡುವಿನ ಅಂತರ, 2 ಇಂಚು ಮೇಲೆ ಕೆಳಗೆ ಬಂಪ್ ಸ್ಟೀರ್ ಅಳತೆ, ನಿಮ್ಮದೇ ಹೆಡರ್ ಮತ್ತು ಕ್ಲಚ್ ಜೊತೆ ಹಾಕಿದ ಫೋಟೋ. "ಪರ್ಫೆಕ್ಟ್ ಫಿಟ್" ಅಂದ್ರೆ ಫೋನ್ ಇಟ್ಟುಬಿಡಿ. ಪಾರ್ಕಿಂಗ್ ಹಗುರವಾದ್ರೆ ಸಾಕು ಅನ್ನೋರಿಗೆ ಪವರ್ ಒಳಗೇ ಇರೋ ಸ್ಟೀರಿಂಗ್ ಬಾಕ್ಸ್ ಸಿಗುತ್ತೆ, ಇಲ್ಲಾ ಡ್ಯಾಶ್ ಕೆಳಗೆ ಕಾಲಂಗೆ ಎಲೆಕ್ಟ್ರಿಕ್ ಮೋಟರ್. ಎರಡರಲ್ಲೂ ಟೈ ರಾಡ್ ತನ್ನ ಜಾಗದಲ್ಲೇ ಇರುತ್ತೆ. ಎಲೆಕ್ಟ್ರಿಕ್ ಆದ್ರೆ ಆ ಕಾಲದ 40 ಆಂಪ್ ಆಸುಪಾಸಿನ ಆಲ್ಟರ್ನೇಟರ್ ಸಾಲಲ್ಲ, ಅದೂ ದೊಡ್ಡದಾಗಬೇಕು.

65ರಿಂದ 67ರ ಗಾಡಿಯವರು ವಿಶೇಷವಾಗಿ ಕೇಳಿ: ನಿಮ್ಮಲ್ಲಿ ಬಾಕ್ಸ್ ಮತ್ತು ಸ್ಟೀರಿಂಗ್ ಶಾಫ್ಟ್ ಒಂದೇ ತುಂಡು. ಕಿಟ್‌ನವರು ಕತ್ತರಿಸಿ ಅಂತಾರೆ. ಬಂಪ್ ಸ್ಟೀರ್ ಅಳೆಯೋಕೆ ಶಾಫ್ಟ್ ಬೇಕಾಗಿಲ್ಲ, ರ‍್ಯಾಕ್ ಮಧ್ಯಕ್ಕೆ ಲಾಕ್ ಮಾಡಿ ಅಳೆದು ನೋಡೋವರೆಗೆ ಗರಗಸ ಮುಟ್ಟಬೇಡಿ. ಹಳೇ ಬಾಕ್ಸ್, ಪಿಟ್‌ಮನ್ ಆರ್ಮ್, ಐಡ್ಲರ್, ಸೆಂಟರ್ ಲಿಂಕ್ ಒಂದನ್ನೂ ಮಾರಬೇಡಿ. ಇಲ್ಲಿ ಈಗ ಗಾಡಿ ಮತ್ತೆ ನಿಂತಿರೋದು ಅವುಗಳ ಮೇಲೇನೇ.