ಮೂರೇ ದಿನಕ್ಕೆ 300 ಕೊಟ್ಟ ಬೌಲಿಂಗ್ ಗೇಮು, ಇನ್ನೂ ಸತಾಯಿಸುತ್ತಿರುವ ಗೇಮು

ಕ್ರಿಕೆಟ್ ಅಲ್ಲ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್, ಅದರದ್ದು ಎರಡು ಕಂಪ್ಯೂಟರ್ ಗೇಮು ಆಡಿದೆ. ಮೊದಲು ಕೊಂಡದ್ದು ಅಗ್ಗದ ಗೇಮು, ಮಸಾಲೆ ದೋಸೆ ಕಾಫಿಯ ದುಡ್ಡಿಗೆ ಬಂತು. ಹೆಸರು ಬೇಡ ಬಿಡಿ. ಮೂರನೇ ದಿನವೇ ಅದರಲ್ಲಿ 300 ಹೊಡೆದೆ, ಅದಕ್ಕಿಂತ ಮೇಲೆ ಸ್ಕೋರೇ ಇಲ್ಲ. ಸತತ 12 ಸ್ಟ್ರೈಕ್, ಅಂದರೆ ಪ್ರತಿ ಸಲವೂ ಒಂದೇ ಎಸೆತಕ್ಕೆ ಹತ್ತೂ ಪಿನ್! ಹೆಂಡತಿಯನ್ನು ಕರೆದು ತೋರಿಸಿ, ಸ್ಕ್ರೀನ್‌ಶಾಟ್ ತೆಗೆದುಕೊಂಡು, ಅವತ್ತೇ ರಾತ್ರಿ ಡಿಲೀಟ್ ಮಾಡಿದೆ. ಆಮೇಲೆ ತಗೊಂಡ ಪಿಬಿಎ ಪ್ರೊ ಬೌಲಿಂಗ್‌ಗೆ (ಪಿಬಿಎ ಅಂದರೆ ಅಮೆರಿಕದ ವೃತ್ತಿಪರ ಬೌಲರ್‌ಗಳ ಸಂಘ) ನಾಲ್ಕು ತಿಂಗಳಾಯಿತು. ಅದರಲ್ಲಿ 200 ದಾಟಿದರೆ ನನಗೆ ಹಬ್ಬ.

ವ್ಯತ್ಯಾಸವೆಲ್ಲ ಎಣ್ಣೆಯದ್ದು. ನಿಜವಾದ ಲೇನ್, ಅಂದರೆ ಬಾಲ್ ಉರುಳುವ ಹಾದಿ, ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ. ಮುಂಭಾಗಕ್ಕೆ ಎಣ್ಣೆ ಸವರಿರುತ್ತಾರೆ, ಪಿನ್‌ಗಳ ಕಡೆ ಒಣ. ಎಣ್ಣೆ ಮೇಲೆ ಜಾರಿಕೊಂಡು ಹೋದ ಬಾಲ್ ಒಣಜಾಗ ಸಿಕ್ಕ ಕೂಡಲೇ ಕಚ್ಚಿಕೊಂಡು ಒಳಕ್ಕೆ ತಿರುಗುತ್ತದೆ. ಎಣ್ಣೆ ಎಲ್ಲಿವರೆಗೆ ಇದೆ ಅನ್ನುವುದರ ಮೇಲೆ ನಿಲ್ಲುವ ಜಾಗ, ಗುರಿ ಎಲ್ಲ ಬದಲಾಗಬೇಕು. ಪಿಬಿಎಯಲ್ಲಿ ಬೇರೆ ಬೇರೆ ಎಣ್ಣೆ ಪ್ಯಾಟರ್ನ್‌ಗಳಿವೆ, ನಿನ್ನೆಯ ಲೆಕ್ಕ ಇವತ್ತು ನಡೆಯುವುದಿಲ್ಲ. ಅಗ್ಗದ್ದರಲ್ಲಿ ಯಾವಾಗಲೂ ಅದೇ ಲೇನ್. ಒಂದು ಜಾಗ ಕಂಡುಕೊಂಡೆ, ಅಷ್ಟೇ. ಆಮೇಲೆ ಸುಮ್ನೆ ಬಟನ್ ಒತ್ತುವ ಕೆಲಸ.

ಆದರೆ ತಲೆ ಕೆಡಿಸಿದ್ದು ಇದಲ್ಲ, ರೀಪ್ಲೇ.

ಅಗ್ಗದ ಗೇಮಿನಲ್ಲಿ ಪ್ರತಿ ಎಸೆತಕ್ಕೂ ರೀಪ್ಲೇ ಬರುತ್ತದೆ, ದಾಟಿಸಲು ಬಟನ್ ಇಲ್ಲ. ಬಾಲ್ ಲೇನ್ ಪಕ್ಕದ ಗಟರ್‌ಗೆ ಬಿದ್ದರೂ ಅದನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿ, ಆಟಗಾರ ತಲೆ ಅಲ್ಲಾಡಿಸಿ, ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತಾನೆ. ಮೊಬೈಲಿನಲ್ಲಿ ಟೈಮ್ ನೋಡಿದೆ: 9 ಸೆಕೆಂಡ್. ಒಂದು ಆಟಕ್ಕೆ ಸುಮಾರು 18 ಎಸೆತ ಅಂದರೆ ಎರಡೂವರೆ ನಿಮಿಷಕ್ಕೂ ಜಾಸ್ತಿ ಬರೀ ಇದಕ್ಕೇ! ಅವನ ನಾಟಕ ಮುಗಿಯುವಷ್ಟರಲ್ಲಿ ಹಿಂದಿನ ಸಲ ಎಲ್ಲಿ ನಿಂತು ಎಸೆದಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ. ಬೌಲಿಂಗ್‌ನಲ್ಲಿ ನೆನಪಿಡಬೇಕಾದ್ದು ಅದೊಂದೇ ಅಲ್ವಾ?

ಅಗ್ಗದ ಗೇಮು ಮಾರಿದವರನ್ನು ದುಡ್ಡು ವಾಪಸ್ ಕೇಳಿದೆ. 2 ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ ಎಂದರು. ನಾನು ಆಡಿದ್ದು 2 ಗಂಟೆ 10 ನಿಮಿಷ. ಅದರಲ್ಲಿ ಅರ್ಧ ಗಂಟೆ ಅವನು ತಲೆ ಅಲ್ಲಾಡಿಸಿದ್ದು!

ಪಿಬಿಎಯಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಮುಂದಿನ ಎಸೆತ. ಹಾಗಂತ ಅದು ಅಪರಂಜಿ ಅಲ್ಲ. ಕಾಮೆಂಟರಿ ಎರಡೇ ವಾರಕ್ಕೆ ಬಾಯಿಪಾಠ ಆಯಿತು, ಮ್ಯೂಟ್ ಮಾಡಿದೆ. ಮೌಸ್‌ನಲ್ಲಿ ಕಷ್ಟ, ಗೇಮ್‌ಪ್ಯಾಡ್ ಇದ್ದರೇ ಚೆಂದ.

ಗ್ರಾಫಿಕ್ಸ್: ಎರಡೂ ಪರವಾಗಿಲ್ಲ.

ಮನೆಗೆ ಬಂದ ಮಕ್ಕಳಿಗೆ ಒಂದು ಸಂಜೆ ಆಡಲು ಕೊಡಬೇಕೆಂದರೆ ಅಗ್ಗದ್ದೇ ಸಾಕು, ಅವರಿಗೆ ಆ ರೀಪ್ಲೇನೇ ಇಷ್ಟ. ನಾನು ಆಡುವುದು ಊಟ ಆದ ಮೇಲೆ ಅರ್ಧ ಗಂಟೆ, ಒಬ್ಬನೇ. ಅಷ್ಟರಲ್ಲಿ ಮೂರು ಆಟ ಮುಗಿಯಬೇಕು. ಪಿಬಿಎಗೆ ಜಾಸ್ತಿ ದುಡ್ಡಾದರೂ ಸೇಲ್ ಬರುವವರೆಗೆ ಕಾದು ತಗೊಂಡದ್ದರಿಂದ ಬೇಜಾರಿಲ್ಲ.

ನಿನ್ನೆ ಪಿಬಿಎಯಲ್ಲಿ ಕೊನೆಯ ಫ್ರೇಮಿನಲ್ಲಿ (ಕೊನೆಯ ಸರದಿ) ಬಾಲ್ ಸರಿಯಾಗಿ ಪಾಕೆಟ್‌ಗೇ, ಅಂದರೆ ಮೊದಲ ಪಿನ್ ಪಕ್ಕದ ಸಂದಿಗೇ ಹೋಯಿತು. ಒಂಬತ್ತು ಬಿದ್ದವು. ಬಲಮೂಲೆಯ ಹತ್ತನೇ ಪಿನ್ ಒಂದು ಸಲ ತೂಗಾಡಿ ಹಾಗೇ ನಿಂತಿತು. ಅದನ್ನು ಎರಡನೇ ಬಾಲಿಗೂ ಬೀಳಿಸಲಾಗದೆ 198ಕ್ಕೆ ಮುಗಿಸಿದೆ. ಆ ರೀಪ್ಲೇ ಮಾತ್ರ ದಾಟಿಸದೆ ಪೂರ್ತಿ ನೋಡಿದೆ.